ಆನೆಗೆ ಎರಡು ಲಕ್ಷ ಇಲಿಗಳ ಊಟ ಬೇಕಿಲ್ಲ

ಆನೆ 4,000 ಕೆಜಿ, ಇಲಿ 20 ಗ್ರಾಂ, ಹಾಗಾಗಿ ಒಂದು ಆನೆಗೆ ಎರಡು ಲಕ್ಷ ಇಲಿಗಳಷ್ಟು ಶಕ್ತಿ ಬೇಕು ಅಂತ ಲೇಖನದಲ್ಲಿ ಬರೆದಿದ್ದೀರಿ. ಈ ಲೆಕ್ಕ ತಪ್ಪು. 1932ರಲ್ಲೇ ಜೀವವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ ಇದನ್ನು ತೋರಿಸಿದ್ದಾರೆ: ಸುಮ್ನೆ ಕೂತಿರುವಾಗ ದೇಹ ಸುಡುವ ಶಕ್ತಿ ತೂಕದ ಮುಕ್ಕಾಲು ಘಾತಕ್ಕೆ ತಕ್ಕಂತೆ ಏರುತ್ತದೆ, ಅಂದರೆ ತೂಕ ಹತ್ತು ಸಾವಿರ ಪಟ್ಟಾದರೆ ಶಕ್ತಿ ಸಾವಿರ ಪಟ್ಟು ಮಾತ್ರ. ಅವರ ಸೂತ್ರ ಹಾಕಿದರೆ ಇಲಿಗೆ ದಿನಕ್ಕೆ ಸುಮಾರು 3.7 ಕಿಲೋಕ್ಯಾಲೊರಿ, ಆನೆಗೆ ಸುಮಾರು 35,000, ಅಂದರೆ ಹತ್ತು ಸಾವಿರ ಇಲಿಗಳಷ್ಟೂ ಆಗುವುದಿಲ್ಲ. ಕೆಜಿ ಲೆಕ್ಕದಲ್ಲಿ ಇಲಿಯೇ ಇಪ್ಪತ್ತು ಪಟ್ಟು ಜಾಸ್ತಿ ಸುಡುತ್ತದೆ! ಯಾಕೆ ಮುಕ್ಕಾಲು ಅನ್ನುವುದರ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ, ಕೆಲವರು ಆ ಘಾತ ಮೂರರಲ್ಲಿ ಎರಡು ಭಾಗ (2/3) ಅನ್ನುತ್ತಾರೆ.

ನಮ್ಮ ಕೊಡಗಿನಲ್ಲಿ ತೋಟಕ್ಕೆ ಆನೆ ಬಂದಾಗಲೆಲ್ಲ ಎಷ್ಟು ತಿನ್ನುತ್ತಪ್ಪಾ ಅನ್ನುತ್ತೇವೆ, ಅಲ್ವಾ? ನೂರು ಕೆಜಿಗೂ ಜಾಸ್ತಿ ಮೇವು ತಿನ್ನುವುದು ನಿಜ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಜೀರ್ಣವಾಗದೆ ಹೊರಬರುತ್ತದೆ, ಲದ್ದಿಯಲ್ಲಿ ಹಲಸಿನ ಬೀಜ ಇಡಿಯಾಗಿ ಸಿಗುವುದನ್ನು ಇಲ್ಲಿ ಯಾರು ನೋಡಿಲ್ಲ?

ದಯವಿಟ್ಟು ತಿದ್ದಿ, ಇದು ಬರೀ ಪುಸ್ತಕದ ವಿಷಯ ಅಲ್ಲ. 1962ರಲ್ಲಿ ಅಮೆರಿಕದ ಒಕ್ಲಹೋಮಾದಲ್ಲಿ ಟಸ್ಕೋ ಎಂಬ ಆನೆಗೆ, ಬೆಕ್ಕಿಗೆ ಕೊಡುವ ಪ್ರಮಾಣವನ್ನು ತೂಕದಿಂದ ಗುಣಿಸಿ, 297 ಮಿಲಿಗ್ರಾಂನಷ್ಟು ಭ್ರಮೆ ಹುಟ್ಟಿಸುವ ಮಾದಕ ವಸ್ತು ಎಲ್‌ಎಸ್‌ಡಿ ಚುಚ್ಚಿದರು. ಎರಡು ಗಂಟೆಯೊಳಗೆ ಅದು ಸತ್ತಿತು. ಆಮೇಲೆ ಕೊಟ್ಟ ಬೇರೆ ಔಷಧಿಗಳ ಪಾಲೂ ಇರಬಹುದು, ಆದರೆ ಅಷ್ಟು ದೊಡ್ಡ ಪ್ರಮಾಣ ಬಂದಿದ್ದು ಇದೇ ತಪ್ಪು ಗುಣಾಕಾರದಿಂದ.