ಬದುಕಿರುವುದಕ್ಕೆ ಹತ್ತು ಅಂಕದ ಪ್ರಶ್ನೆ

ಅಂಚೆ ಇಲಾಖೆಯಿಂದ ನಿವೃತ್ತನಾದ ಮೇಲೆ ನಾನೂ ನನ್ನ ಹೆಂಡತಿಯೂ ದಾವಣಗೆರೆಯ ವಿದ್ಯಾನಗರದ ಮನೆಗೆ ಬೀಗ ಹಾಕಿ, ನ್ಯೂಜೆರ್ಸಿಯಲ್ಲಿರುವ ಮಗಳ ಮನೆಗೆ ಹೋಗಿ ಐದು ತಿಂಗಳು ಇದ್ದು ಬರುವುದು ರೂಢಿಯಾಗಿದೆ. ಪ್ರವಾಸಿ ವೀಸಾದವರಿಗೆ ಅಲ್ಲಿ ಸಾಮಾನ್ಯವಾಗಿ ಆರು ತಿಂಗಳ ಗಡುವು ಸಿಗುತ್ತದೆಯಾದರೂ, ಕೊನೆಯ ದಿನದವರೆಗೆ ಕಾಯುವ ಧೈರ್ಯ ಸರ್ಕಾರಿ ನೌಕರಿ ಮಾಡಿದವನಿಗೆ ಬರುವುದಿಲ್ಲ.

ಹೊರಡುವ ಮೊದಲಿನ ಸಿದ್ಧತೆಯಲ್ಲಿ ನನಗೆ ಯಾರೂ ಸರಿಸಾಟಿಯಿಲ್ಲವೆಂದು ತಿಳಿದಿದ್ದೆ. ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಐದು ತಿಂಗಳಿಗೆ ಎಣಿಸಿ, ವೈದ್ಯರ ಚೀಟಿಯ ಸಮೇತ ಕೈಚೀಲದಲ್ಲಿಟ್ಟುಕೊಂಡೆ. ಪ್ರಯಾಣ ವಿಮೆಯನ್ನೂ ಮಾಡಿಸಿದೆ. ಆದರೆ ಅದು ಹೆಚ್ಚಾಗಿ ಹೊಸದಾಗಿ ಬರುವ ಕಾಯಿಲೆಗಳಿಗೆ ಅನ್ವಯಿಸುತ್ತದೆ, ನಮ್ಮ ಕಾಯಿಲೆಗಳೋ ಎಲ್ಲವೂ ಹಳೆಯ ಪರಿಚಯದವು. ತಲಾ 23 ಕಿಲೋದ ಎರಡೆರಡು ಪೆಟ್ಟಿಗೆಗಳಲ್ಲಿ ಮಂಡಕ್ಕಿಯೇ ಒಂದೂವರೆ ಪೆಟ್ಟಿಗೆಯನ್ನು ನುಂಗಿತು. ಮಂಡಕ್ಕಿಗೆ ತೂಕವಿಲ್ಲವೆಂದು ಹೆಂಡತಿ ವಾದಿಸಿದಳು. ಜಾಗ ಬೇಕಲ್ಲ ಎಂದು ನಾನು ಹೇಳುವಷ್ಟರಲ್ಲಿ ನನ್ನ ಸ್ವೆಟರುಗಳು ಹೊರಗೆ ಬಂದಿದ್ದವು.

ಇಷ್ಟೆಲ್ಲ ಮಾಡಿದವನು ಒಂದೇ ಒಂದು ತಪ್ಪು ಮಾಡಿದೆ. ರೋಮಿಂಗ್ ದುಬಾರಿಯೆಂದು, ಪಿಂಚಣಿಗೂ ಆಧಾರಿಗೂ ಜೋಡಿಸಿರುವ ಸಂಖ್ಯೆಯ ಹಳೆಯ ಗುಂಡಿ ಫೋನನ್ನು ಮನೆಯ ಕೀಲಿಯೊಂದಿಗೆ ಪಕ್ಕದ ಮನೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರ ವಶಕ್ಕೆ ಒಪ್ಪಿಸಿ ಹೋದೆ.

ನವೆಂಬರ್ ಬಂತು. ಪಿಂಚಣಿದಾರನು ತಾನು ಜೀವಂತವಾಗಿದ್ದೇನೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತಿಳಿಸಬೇಕಾದ ತಿಂಗಳು ಅದು. ವಿದೇಶದಲ್ಲಿರುವವರು ಭಾರತೀಯ ದೂತಾವಾಸದ ಅಧಿಕಾರಿಯಿಂದಲೋ ನೋಟರಿಯಿಂದಲೋ ಪ್ರಮಾಣಪತ್ರಕ್ಕೆ ಸಹಿ ಮಾಡಿಸಿ ಕಳುಹಿಸಬಹುದು. ಆದರೆ 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ಎಂಬ ಡಿಜಿಟಲ್ ಪ್ರಮಾಣಪತ್ರದ ವ್ಯವಸ್ಥೆಯಲ್ಲಿ 2021ರಿಂದ ಮೊಬೈಲ್ ಆ್ಯಪ್‌ಗೆ ಮುಖ ತೋರಿಸಿದರೂ ಸಾಕೆಂಬ ಸೌಲಭ್ಯ ಬಂದಿರುವಾಗ ಅಷ್ಟು ದೂರ ಏಕೆ ಹೋಗಬೇಕು? ಮೊದಲು ಒಂದು ಒಟಿಪಿ ಬರುತ್ತದೆ, ಆಮೇಲೆ ಕಣ್ಣು ಮಿಟುಕಿಸಿದರಾಯಿತು. ಒಟಿಪಿ ಬರುವುದು ಮಾತ್ರ ದಾವಣಗೆರೆಗೆ.

ಮೇಷ್ಟ್ರು ಬೆಳಿಗ್ಗೆ ಆರೂವರೆಗೆ ಕುಂದವಾಡ ಕೆರೆಯ ಕಡೆಗೆ ವಾಕಿಂಗ್ ಹೊರಡುವ ಮೊದಲು, ಸರಿಯಾಗಿ ಆರು ಗಂಟೆಗೆ ಫೋನ್ ಮಾಡುವುದೆಂದು ಮಾತಾಗಿತ್ತು. ಒಂಬತ್ತೂವರೆ ಗಂಟೆಯ ವ್ಯತ್ಯಾಸವನ್ನು ಲೆಕ್ಕ ಹಾಕಿ ರಾತ್ರಿ ಎಂಟೂವರೆಗೆ ಕರೆ ಮಾಡಿದರೆ ಯಾರೂ ಎತ್ತಲಿಲ್ಲ. ಅಮೆರಿಕದವರು ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಳ್ಳುತ್ತಾರೆಂಬುದು ನನಗೆ ಹೊಳೆದಾಗ ಮೇಷ್ಟ್ರು ಕೆರೆಗೆ ಎರಡನೆಯ ಸುತ್ತು ಹಾಕುತ್ತಿದ್ದಿರಬೇಕು.

ಮರುದಿನ ಸಿಕ್ಕರು. ಒಟಿಪಿಯೂ ಬಂತು.

"ಬಂತು ಪೋಸ್ಟ್‌ಮಾಸ್ಟ್ರೇ. ಆದರೆ ಇದನ್ನು ಯಾರಿಗೂ ಹೇಳಬೇಡಿ ಅಂತ ಇದರಲ್ಲೇ ಬರೆದಿದೆಯಲ್ಲ?"

"ಮೇಷ್ಟ್ರೇ, ಅದು ನನ್ನದೇ ಒಟಿಪಿ."

"ಮೋಸ ಮಾಡುವವರೂ ಹಾಗೆಯೇ ಹೇಳ್ತಾರಂತೆ. ಈಗ ಧ್ವನಿಯನ್ನೂ ನಕಲು ಮಾಡ್ತಾರಂತೆ ಕಣ್ರೀ. ನೀವು ನೀವೇ ಅನ್ನೋದಕ್ಕೆ ಏನು ಗ್ಯಾರಂಟಿ? ಒಂದು ಪ್ರಶ್ನೆ ಕೇಳ್ತೀನಿ, ಹತ್ತು ಅಂಕ. ಹೋದ ವರ್ಷ ಯುಗಾದಿಯ ಮರುದಿನ ನನ್ನ ಸ್ಕೂಟರಿನ ಕನ್ನಡಿ ಒಡೆದದ್ದು ಯಾರ ಮರದ ತೆಂಗಿನಕಾಯಿ?"

ಓದುಗರಿಗೆ ಇಲ್ಲೊಂದು ವಿಷಯವನ್ನು ತಿಳಿಸಬೇಕು. ಆ ಕಾಯಿಯನ್ನು ಎಲ್ಲಿಂದಲೋ ಕೋತಿ ತಂದು ಎಸೆದಿದೆಯೆಂಬ ನಿಲುವಿಗೆ ನಾನು ಒಂದೂವರೆ ವರ್ಷದಿಂದ ಅಂಟಿಕೊಂಡಿದ್ದೆ. ನಮ್ಮ ಬಡಾವಣೆಯಲ್ಲಿ ಕೋತಿಗಳಿಲ್ಲವೆಂದು ಮೇಷ್ಟ್ರು ಹೇಳಿದಾಗಲೆಲ್ಲ ಅದು ಚಿತ್ರದುರ್ಗದ ಕೋಟೆಯಿಂದ ಬಂದಿರಬಹುದೆಂದು ಸಮರ್ಥಿಸಿಕೊಂಡಿದ್ದೆ. ಈಗ ಒಂದು ಕಡೆ ಪಿಂಚಣಿ, ಇನ್ನೊಂದು ಕಡೆ ಕೋತಿ. ಹೆಂಡತಿ ಪಕ್ಕದಲ್ಲಿ ನಿಂತು, ಒಪ್ಪಿಕೊಳ್ಳಿ ಎಂದು ಕಣ್ಣಿನಲ್ಲೇ ಸೂಚಿಸಿದಳು.

"ನಮ್ಮ ಮರದ್ದೇ," ಎಂದೆ.

ಮೇಷ್ಟ್ರು ಅದನ್ನು ಎರಡು ಸಲ ಹೇಳಿಸಿ, ಮೂರನೆಯ ಸಲ ತಮ್ಮ ಮನೆಯವರನ್ನು ಕರೆದು ಅವರಿಗೂ ಕೇಳಿಸಿ, ಆಮೇಲೆ ಸಂಖ್ಯೆಯನ್ನು ಓದಿದರು. ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಎರಡನೆಯ ಒಟಿಪಿಯಲ್ಲಿ ಅವರು ಐವತ್ತೊಂಬತ್ತು ಎಂದದ್ದು ನನಗೆ ಅರವತ್ತೊಂಬತ್ತೆಂದು ಕೇಳಿಸಿತು. ಮೂರನೆಯದು ಸರಿಯಾಯಿತು. ಕಣ್ಣು ಮಿಟುಕಿಸಿರೆಂದು ಆ್ಯಪ್ ಕೇಳಿದಾಗ ಮಾತ್ರ, ಅಷ್ಟು ಹೊತ್ತು ಪರದೆಯನ್ನೇ ದಿಟ್ಟಿಸಿದ್ದ ನನ್ನ ಕಣ್ಣುಗಳು ಮುಚ್ಚಲು ಒಪ್ಪಲಿಲ್ಲ. ಹೆಂಡತಿ ಮುಖಕ್ಕೆ ಉಫ್ ಎಂದು ಊದಿದ ಮೇಲೆಯೇ ನಾನು ಅಧಿಕೃತವಾಗಿ ಜೀವಂತನಾದದ್ದು.

ಜನವರಿಯಲ್ಲಿ ಊರಿಗೆ ಮರಳಿದೆವು. ತೆರೆದಿಡುವುದನ್ನು ಮರೆತಿದ್ದ ಫ್ರಿಜ್ಜಿನೊಳಗೆ ಹಸಿರು ಬೂಷ್ಟು ಬೆಳೆದಿದ್ದುದನ್ನು ಬಿಟ್ಟರೆ ಮನೆ ಸುರಕ್ಷಿತವಾಗಿತ್ತು. ಮೇಷ್ಟ್ರು ಬಂದು ಕೀಲಿ, ಫೋನು, ನಾವಿಲ್ಲದಾಗ ಬಿದ್ದ ಹದಿನೇಳು ತೆಂಗಿನಕಾಯಿಗಳು, ಇವುಗಳ ಜೊತೆಗೆ ನಾಲ್ಕಾಗಿ ಮಡಿಸಿದ ಒಂದು ಕಾಗದವನ್ನು ಒಪ್ಪಿಸಿದರು. ಸ್ಕೂಟರಿನ ಕನ್ನಡಿಯ ಬಿಲ್ಲು ಅದು. ಅದರ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿತ್ತು: "10ಕ್ಕೆ 8. ಉತ್ತರ ಸರಿ, ತಡವಾಗಿ ಬಂದಿದೆ."