ಸಲಿಕೆ ಲೆಕ್ಕ ನಂಬಬೇಡಿ

ಕಾಂಕ್ರೀಟ್‌ಗೆ 1:2:4, ಅಂದ್ರೆ ಸಿಮೆಂಟ್ ಒಂದು ಪಾಲು, ಮರಳು ಎರಡು, ಜಲ್ಲಿ ನಾಲ್ಕು ಅಂತ ನಿಮ್ಮ ಬರಹದಲ್ಲಿ ಬರೆದಿದ್ದೀರಿ ಸರ್, ಸರಿ. ಆದ್ರೆ ಯಾವುದರಲ್ಲಿ ಅಳೆಯಬೇಕು ಅಂತ ಹೇಳಲೇ ಇಲ್ಲ. ಸಲಿಕೆಯಲ್ಲಿ ಎಣಿಸಿದ್ರೆ ಕೆಟ್ಟಿತು ಅಂತಲೇ ಲೆಕ್ಕ. ಸಿಮೆಂಟ್ ಜಾರಿಹೋಗುತ್ತೆ, ಒದ್ದೆ ಮರಳು ಗುಡ್ಡೆಯಾಗಿ ನಿಲ್ಲುತ್ತೆ. ಒಂದೇ ಬಕೆಟ್ ಇಟ್ಕೊಂಡು ಪ್ರತಿ ಸಲ ಬಾಯಿಮಟ್ಟಕ್ಕೆ ಸವರಿ ಅಳೀರಿ. 50 ಕೆಜಿ ಸಿಮೆಂಟ್ ಮೂಟೆ ಅಂದ್ರೆ ಸುಮಾರು 35 ಲೀಟರ್. ಅದಕ್ಕೆ ಮರಳು 70, ಜಲ್ಲಿ 140. ತೇವದ ಮರಳು ಉಬ್ಬಿರುತ್ತೆ, ಸ್ವಲ್ಪ ಜಾಸ್ತಿಯೇ ಹಾಕಬೇಕು.

ನಿಜವಾದ ಎಡವಟ್ಟು ಆಗೋದು ನೀರಲ್ಲಿ. ಮೊದಲ ಸಲ ಕಲಸುವಾಗ ತಿರುವೋಕೆ ಸುಲಭ ಆಗಲಿ ಅಂತ ನಾನು ಕೊಡವನ್ನೇ ಬಗ್ಗಿಸಿಬಿಟ್ಟಿದ್ದೆ. ಅಂಚಿನಿಂದ ಬೂದು ಬಣ್ಣದ ನೀರು ಹರಿದುಹೋಯ್ತು. ಹೋಗಿದ್ದು ಬರೀ ನೀರಲ್ಲ, ಸಿಮೆಂಟು! ಒಣಗಿದ ಮೇಲೆ ಉಗುರಲ್ಲಿ ಕೆರೆದ್ರೆ ಪುಡಿಪುಡಿ. ಮೂಟೆಗೆ 25ರಿಂದ 28 ಲೀಟರ್ ಸಾಕು, ಮರಳು ಒದ್ದೆಯಿದ್ರೆ ಇನ್ನೂ ಕಮ್ಮಿ. ಮರಳು-ಸಿಮೆಂಟನ್ನ ಒಂದೇ ಬಣ್ಣ ಬರೋವರೆಗೆ ಒಣದಾಗೇ ತಿರುವಿ, ಆಮೇಲೆ ಜಲ್ಲಿ, ಕೊನೆಗೆ ನೀರು, ಅದೂ ಚೂರುಚೂರೇ. ಸಲಿಕೆಯ ಬೆನ್ನಿಂದ ಒತ್ತಿ ಎಳೆದಾಗ ಮೈ ನುಣ್ಣಗಾಗಬೇಕು, ನೀರು ಒಸರಬಾರದು.

ಹಾಂ, ಕೈಯಲ್ಲಿ ಕಲಸೋದಾದ್ರೆ ಸಿಮೆಂಟ್ ಶೇ. 10ರಷ್ಟು ಹೆಚ್ಚು ಹಾಕಿ. ಕೈಗವಸು ಮರೀಬೇಡಿ, ಚರ್ಮ ಸುಲಿದುಹೋಗುತ್ತೆ.