ಗಡಸು ನೀರಿನ ಮೇಡಂ

ಬಾಗಲಕೋಟೆಯ ನವನಗರದಲ್ಲಿ ಮನೆ ಹಿಡಿಯುವ ಕೆಮಿಸ್ಟ್ರಿ ಟೀಚರುಗಳಿಗೆ ನನ್ನದೊಂದು ಸಲಹೆ. ಏನು ಕಲಿಸುತ್ತೀರಿ ಅಂತ ಓಣಿಯವರು ಕೇಳಿದರೆ ಸುಮ್ನೆ ಇಂಗ್ಲಿಷ್ ಅಂದುಬಿಡಿ. ನಾನು ನಿಜ ಹೇಳಿದೆ. ಅಂದಿನಿಂದ ಭಾನುವಾರ ಬೆಳಿಗ್ಗೆ ಬಾಗಿಲು ತೆಗೆದರೆ ಬೋರ್ ನೀರು ತುಂಬಿದ ಬಾಟಲಿ ಹಿಡಿದು ಯಾರಾದರೂ ನಿಂತಿರುತ್ತಾರೆ. “ಮೇಡಂ, ಇದನ್ನೊಂಚೂರು ಚೆಕ್ ಮಾಡ್ರಿ. ಬ್ಯಾಳಿನ ಕುದಿವಲ್ದು.”

ಕುದಿಯುವುದಾದರೂ ಹೇಗೆ? ನಮ್ಮ ಜಿಲ್ಲೆಯ ನೆಲದಡಿ ಸುಣ್ಣದ ಕಲ್ಲು ಧಾರಾಳ. ಅದನ್ನು ನಂಬಿಕೊಂಡೇ ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದಿವೆ. ಇಂಗಿದ ಮಳೆ ನೀರು ಮಣ್ಣಿನಲ್ಲಿರುವ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಆ ಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬೋರ್ ಹಾಕಿಸಿದವರಿಗೆ ನೀರಿನ ಜೊತೆ ಕ್ಯಾಲ್ಸಿಯಂ ಪುಕ್ಕಟೆ. ಬೇಳೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಈ ಕ್ಯಾಲ್ಸಿಯಂ ಸೇರಿ ಬಿಗಿಯಾಗುತ್ತದೆ. ಆಮೇಲೆ ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಬೇಳೆ ಜಗ್ಗುವುದಿಲ್ಲ. ಸೋಪು ನೊರೆ ಬಿಡುವ ಬದಲು ಬಕೆಟ್ಟಿನ ಅಂಚಿಗೆ ಬೂದು ಜಿಡ್ಡಾಗಿ ಕೂರುತ್ತದೆ.

ಕಾಲೇಜಿನಲ್ಲಿ ಫಸ್ಟ್ ಇಯರ್ ಇಂಜಿನಿಯರಿಂಗ್ ಹುಡುಗರಿಗೆ ನೀರಿನ ಈ ಗಡಸುತನ ಅಳೆಯುವುದೇ ಪ್ರಯೋಗ. ಫ್ಲಾಸ್ಕಿಗೆ 25 ಎಂಎಲ್ ನೀರು. ಪಿಎಚ್ 10ರಲ್ಲಿ ನಿಲ್ಲಲಿ ಅಂತ ಅಮೋನಿಯಾ ಬಫರ್. ಈ ಬಾಟಲಿ ತೆರೆದರೆ ಹಿಂದಿನ ಬೆಂಚಿನವರಿಗೂ ನಿದ್ದೆ ಹಾರುತ್ತದೆ. ಚಿಟಿಕೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಬಣ್ಣದ ಪುಡಿ ಹಾಕಿ, ಬ್ಯುರೆಟ್‌ನಿಂದ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಳ್ಳುವ ಇಡಿಟಿಎ ದ್ರಾವಣ ಬಿಡುತ್ತಾ ಹೋದರೆ ವೈನ್ ರೆಡ್ ಬಣ್ಣ ನೀಲಿಗೆ ತಿರುಗಬೇಕು. “ಮೇಡಂ, ನಾವು ವೈನ್ ನೋಡೇ ಇಲ್ರಿ” ಅಂತ ಪ್ರತಿ ಬ್ಯಾಚಿನಲ್ಲೂ ಒಬ್ಬ ಮುಗ್ಧನಂತೆ ಮುಖ ಮಾಡುತ್ತಾನೆ. ಪಕ್ಕದವನ ನಗು ಬೇರೆಯೇ ಹೇಳುತ್ತಿರುತ್ತದೆ. ಇಳಕಲ್ ಸೀರೆ ಸೆರಗಿನ ಕೆಂಪು ಕಣ್ರೋ ಅಂದರೆ ಎಲ್ಲರಿಗೂ ಅರ್ಥ.

ಕಷ್ಟ ಇರುವುದು ಕೊನೆಯ ಹನಿಗಳಲ್ಲಿ. ಕೆಂಪು ಸ್ವಲ್ಪ ನೇರಳೆಯಾದ ಕೂಡಲೇ ಅರ್ಧ ಬ್ಯಾಚು “ಬಂತ್ರೀ!” ಅಂತ ಕೂಗುತ್ತದೆ. ಬಂದಿಲ್ಲ. ಅಲ್ಲಿ ರಿಯಾಕ್ಷನ್ ನಿಧಾನ. ಒಂದೊಂದೇ ಹನಿ ಬಿಟ್ಟು, ಅಲುಗಾಡಿಸಿ, ಕೆಂಪಿನ ಸುಳಿವೇ ಇಲ್ಲದ ನೀಲಿಗೆ ಕಾಯಬೇಕು. ಹದಿನೆಂಟರ ವಯಸ್ಸಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಸುರಿದುಬಿಡುತ್ತಾರೆ. ಆಮೇಲೆ ಯಾವುದೋ ಒಬ್ಬ ಹುಡುಗಿಯ ರೀಡಿಂಗ್ ಇಡೀ ಬೆಂಚಿಗೆ ಪ್ರಸಾದವಾಗಿ ಹಂಚಿಕೆಯಾಗುತ್ತದೆ.

ಪಕ್ಕದ ಮನೆ ಕಾಕು ಕೊಟ್ಟ ನೀರು 0.01 ಮೋಲಾರ್ ಇಡಿಟಿಎಯನ್ನು 12 ಎಂಎಲ್ ಕುಡಿಯಿತು. ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 480 ಮಿಲಿಗ್ರಾಂ ಗಡಸು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಒಪ್ಪುವುದು 200. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಸಹಿಸಿಕೊಳ್ಳಿ ಅನ್ನುತ್ತದೆ. ಕಾಯಿಸಿದರೆ ಬೈಕಾರ್ಬೊನೇಟ್ ಗಡಸು ಮಾತ್ರ ಪಾತ್ರೆಯ ತಳಕ್ಕೆ ಬಿಳಿ ಪೊರೆಯಾಗಿ ಕೂರುತ್ತದೆ, ಸಲ್ಫೇಟು ಕ್ಲೋರೈಡಿನದು ಕದಲುವುದಿಲ್ಲ ಅಂತಲೂ ವಿವರಿಸಿದೆ.

“ಅದಿರಲ್ರಿ ಮೇಡಂ, ಬ್ಯಾಳಿಗೆ ಏನ್ ಹಾಕ್ಲಿ?”

“ಚಿಟಿಕೆ ಸೋಡಾ ಹಾಕಿ.”

“ಹಂಗಂತ ನಮ್ಮತ್ತೀನೂ ಹೇಳ್ತಿದ್ರು.” ನನ್ನ ಎಂ.ಎಸ್ಸಿ. ಅಲ್ಲಿಗೆ ಮುಗಿಯಿತು.

ಬೇಸಿಗೆಯಲ್ಲಿ ಫಿಲ್ಟರ್ ಮಾರುವ ಹುಡುಗನೊಬ್ಬ ಕಾಕು ಮನೆಗೆ ಬಂದ. ಆ ಬಿಸಿಲಲ್ಲೂ ಟೈ. ಒಂದು ಗ್ಲಾಸಿಗೆ ಬೋರ್ ನೀರು, ಇನ್ನೊಂದಕ್ಕೆ ತಾನೇ ತಂದ ಆರ್‌ಒ ನೀರು. ಲೋಹದ ಸರಳುಗಳನ್ನು ಅದ್ದಿ ಸ್ವಿಚ್ ಹಾಕಿದ. ಬೋರ್ ನೀರು ನೋಡನೋಡುತ್ತಿದ್ದಂತೆ ಹಸಿರಾಗಿ, ಕಂದಾಗಿ, ಚಿಂದಿ ಚಿಂದಿ ತೇಲತೊಡಗಿತು. ಆರ್‌ಒ ನೀರು ಮಾತ್ರ ತಿಳಿಯಾಗೇ ಇತ್ತು. “ನೀವು ಕುಡಿಯೋದು ಇದನ್ನೇ ನೋಡ್ರಿ” ಅಂದ. ಕಾಕು ಸೆರಗು ಬಾಯಿಗೆ ಒತ್ತಿಕೊಂಡರು.

ನಾನು ಅಡುಗೆ ಮನೆಯಿಂದ ಚಿಟಿಕೆ ಉಪ್ಪು ತಂದು ಅವನ ಆರ್‌ಒ ಗ್ಲಾಸಿಗೆ ಹಾಕಿ, ಈಗ ಸ್ವಿಚ್ ಹಾಕಪ್ಪಾ ಅಂದೆ. ಅದೂ ಕೊಚ್ಚೆಯಾಯಿತು. ಆ ಕೊಳೆ ನೀರಿನದಲ್ಲ, ಅವನ ಕಬ್ಬಿಣದ ಸರಳು ಕರಗಿದ್ದು. ಉಪ್ಪಿನಂಶ ಇಲ್ಲದ ನೀರಿನಲ್ಲಿ ಕರೆಂಟ್ ಹರಿಯುವುದಿಲ್ಲ, ಅಷ್ಟೇ ಜಾದೂ. ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ತೋರಿಸುವ ಅವನ ಪೆನ್ನಿನಂಥ ಟಿಡಿಎಸ್ ಮೀಟರ್ ನೋಡುವುದೂ ಆ ಕರೆಂಟನ್ನೇ. ಕರಗಿರುವುದು ಕ್ಯಾಲ್ಸಿಯಮ್ಮೋ ಅಡುಗೆ ಉಪ್ಪೋ ಅಂತ ಅದಕ್ಕೆ ತಿಳಿಯದು. ಹುಡುಗ ಚೀಲ ಕಟ್ಟಿಕೊಂಡ. ಮತ್ತೆ ಬರುತ್ತೇನೆ ಅಂತ ಹೇಳಿಯೇ ಹೋದ.

“ಹಂಗಾದ್ರ ಇದಕ್ಕ ಖರೇ ಔಷಧ ಏನ್ರಿ?” ಕಾಕಾ ಕೇಳಿದರು. ಸಾಫ್ಟ್‌ನರ್ ಬಗ್ಗೆ ಹೇಳಿದೆ. ಅದರೊಳಗಿನ ರೆಸಿನ್ ಕ್ಯಾಲ್ಸಿಯಂ, ಮೆಗ್ನೀಷಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತದೆ. ರೆಸಿನ್ ತುಂಬಿಹೋದಾಗ ಉಪ್ಪು ನೀರಿನಲ್ಲಿ ತೊಳೆದರೆ ಮತ್ತೆ ಕೆಲಸಕ್ಕೆ ತಯಾರು. ಕಾಕಾ ತಲೆಯಾಡಿಸುತ್ತಾ ಕೇಳಿಸಿಕೊಂಡರು. ಇಷ್ಟರಲ್ಲಿ ಅವರ ಕಿವಿಗೆ ಬಿದ್ದದ್ದು ಉಪ್ಪು ಒಂದೇ.

ಮರುದಿನ ಬೆಳಿಗ್ಗೆ ಮಾಳಿಗೆ ಮೇಲಿನ ಸಾವಿರ ಲೀಟರಿನ ಟಾಕಿಗೆ ಎರಡು ಕಿಲೋ ಉಪ್ಪು ಬಿತ್ತು. ಕಾಕು ಚಹಾ ಉಗುಳಿ, ಗ್ಲಾಸು ಹಿಡಿದೇ ನಮ್ಮ ಮನೆಗೆ ಬಂದರು. ನಾನು ಆ ನೀರನ್ನು ಲ್ಯಾಬಿಗೆ ಒಯ್ದೆ. ಇಡಿಟಿಎ ಮತ್ತೆ 12 ಎಂಎಲ್. ಅಡುಗೆ ಉಪ್ಪು ಅದರ ಲೆಕ್ಕಕ್ಕೇ ಬರುವುದಿಲ್ಲ ನೋಡಿ.

ಟಾಕಿ ಖಾಲಿ ಮಾಡಿ ಅಂತ ಹೇಳೋಣ ಅಂತ ಸಂಜೆ ಅಲ್ಲಿಗೆ ಹೋದರೆ ಟೈ ಹುಡುಗ ಬಂದಿದ್ದ. ನಳ ತಿರುಗಿಸಿ ನೀರು ಹಿಡಿದು ಮೀಟರ್ ಅದ್ದಿದ. ಒರೆಸಿ ಮತ್ತೆ ಅದ್ದಿದ. ಅಂಕಿ ಎರಡು ಸಾವಿರ ದಾಟಿ ಎಲ್ಲೋ ಹೋಗಿತ್ತು. “ಇಷ್ಟಕ್ಕ ನಮ್ಮ ಮಷೀನ್ ತಡಿಯಂಗಿಲ್ರಿ ಕಾಕಾ” ಅಂದವನೇ ಗಾಡಿ ಕಿಕ್ ಹೊಡೆದ.

ಕಾಕಾ ನನ್ನ ಕಡೆ ತಿರುಗಿ ಮೀಸೆ ತೀಡಿದರು. “ಮೇಡಂ, ನಿಮ್ಮ ಉಪ್ಪಿನ ಔಷಧ ಭಾರಿ ಕೆಲಸ ಮಾಡ್ತು ನೋಡ್ರಿ!”